ಮೇಣದ ಮಹಾಶಯರು

ಕಾಯಿಸಿ ಕರಗಿಸಿದ ಜೇನುಮೇಣಕ್ಕೆ ಬಣ್ಣ ಕಲಸಿ, ಅದು ಗಟ್ಟಿಯಾಗುವ ಮೊದಲೇ ಮರದ ಹಲಗೆಗೆ ಬಳಿದು, ಬಳಿದದ್ದಕ್ಕೆ ಮತ್ತೆ ಬಿಸಿ ತೋರಿಸಿ ಕೆಳಗಿನ ಪದರಕ್ಕೆ ಬೆಸೆಯುವ ಚಿತ್ರಕಲೆಗೆ ಎನ್‌ಕಾಸ್ಟಿಕ್ ಎಂದು ಹೆಸರು. ಗ್ರೀಕ್ ಮೂಲದ ಈ ಪದಕ್ಕೆ ‘ಸುಟ್ಟು ಕೂಡಿಸಿದ್ದು’ ಎಂದರ್ಥ. ಇದನ್ನು ಹವ್ಯಾಸವಾಗಿ ಹಿಡಿದವರನ್ನು ಮೇಣದ ಮಹಾಶಯರು ಎನ್ನಬಹುದು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇವರು ಹೆಚ್ಚಾಗಿ ಕಾಣಸಿಗುತ್ತಾರೆ. ಒಂದೋ ಸ್ವಯಂನಿವೃತ್ತಿ ಪಡೆದ ಬ್ಯಾಂಕ್ ಅಧಿಕಾರಿ, ಇಲ್ಲವೇ ಮನೆಯಿಂದಲೇ ಕೆಲಸ ಮಾಡುವ ಸಾಫ್ಟ್‌ವೇರ್ ಮ್ಯಾನೇಜರ್. ಮಂಚದ ಕೆಳಗೆ ಬಗ್ಗಿ ನೋಡಿದರೆ ಹಿಂದಿನ ಹವ್ಯಾಸಗಳ ಪಳೆಯುಳಿಕೆ ಸಿಗುತ್ತದೆ: ತಂತಿ ಹರಿದ ಗಿಟಾರು, ಬೋನ್ಸಾಯ್ ಒಣಗಿದ ಕುಂಡ, ಎರಡೇ ಸಲ ಬಳಸಿದ ಬ್ರೆಡ್ ಯಂತ್ರ.

ಮಹಾಶಯರು ಕುಂಚ ಹಿಡಿಯುವ ಮೊದಲು ಇತಿಹಾಸ ಹಿಡಿಯುತ್ತಾರೆ. ಮನೆಗೆ ಬಂದವರಿಗೆ ಕಾಫಿಗಿಂತ ಮುಂಚೆ ಈಜಿಪ್ಟಿನ ಫಯೂಮ್ ಬರುತ್ತದೆ. ಕ್ರಿ.ಶ. 1ರಿಂದ 3ನೇ ಶತಮಾನದವರೆಗೆ ಅಲ್ಲಿ ಸತ್ತವರ ಮುಖವನ್ನು ಹಲಗೆಯ ಮೇಲೆ ಬರೆದು ಮಮ್ಮಿಯ ಮುಖದ ಜಾಗಕ್ಕೆ ಕಟ್ಟುತ್ತಿದ್ದರು. 1888ರಲ್ಲಿ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಅಲ್ಲಿನ ಹವಾರಾದಲ್ಲಿ ಅಗೆದಾಗ ಅಂಥವು ಹತ್ತಾರು ಸಿಕ್ಕಿದವು. ಮೇಣದ ಆ ಕಣ್ಣುಗಳು ಇಂದಿಗೂ ನಮ್ಮನ್ನೇ ನೋಡುತ್ತವೆ. ಇದೆಲ್ಲ ನಿಜ. ಆ ಚಿತ್ರಗಳಲ್ಲಿ ಎಷ್ಟೋ ಮೇಣದವಲ್ಲ, ಟೆಂಪೆರಾ ಎಂಬ ಬೇರೆ ಬಗೆಯ ಬಣ್ಣದಲ್ಲಿ ಬರೆದವು ಎಂಬುದೂ ನಿಜ. ಅದನ್ನು ಮಾತ್ರ ಮಹಾಶಯರು ಹೇಳುವುದಿಲ್ಲ. ಅಲ್ಲಿಂದ ಒಂದೇ ಜಿಗಿತಕ್ಕೆ ಅಮೆರಿಕದ ಜ್ಯಾಸ್ಪರ್ ಜಾನ್ಸ್ 1954–55ರಲ್ಲಿ ಮೇಣದಲ್ಲಿ ಬರೆದ ‘ಫ್ಲ್ಯಾಗ್’ ಚಿತ್ರಕ್ಕೆ ಬರುತ್ತಾರೆ. ನಡುವಿನ ಸಾವಿರದ ಏಳುನೂರು ವರ್ಷ ಕಳೆಯುವಷ್ಟರಲ್ಲಿ ಕಾಫಿ ಆರಿರುತ್ತದೆ.

ಸಾಮಾನು ಕೂಡಿಸುವುದು ಎರಡನೆಯ ಹಂತ. ಎಸ್.ಪಿ. ರಸ್ತೆಯಿಂದ ಹೀಟ್ ಗನ್ ಬರುತ್ತದೆ. ಕ್ಯಾನ್ವಾಸ್ ಬರುತ್ತದೆ, ಮೂರು ದಿನಕ್ಕೆ ಅಟ್ಟ ಸೇರುತ್ತದೆ: ಕ್ಯಾನ್ವಾಸ್ ಬಳುಕುತ್ತದೆ, ಮೇಣ ಬಳುಕುವುದಿಲ್ಲ, ಬಿರುಕು ಬಿಡುತ್ತದೆ. ಬೇಕಾದದ್ದು ಮೇಣ ಹೀರುವ ಗಟ್ಟಿ ಮರದ ಹಲಗೆ. ನೈಲಾನ್ ಕುಂಚ ಬರುತ್ತದೆ, ಮೊದಲ ಅದ್ದುವಿಕೆಗೇ ಮುರುಟಿ ಜಿರಳೆಮೀಸೆಯಾಗುತ್ತದೆ. ಹಂದಿಕೂದಲಿನ ಕುಂಚವೇ ಆಗಬೇಕೆಂದು ಆಮೇಲೆ ತಿಳಿಯುತ್ತದೆ. ಮಡಿಯವರ ಮನೆಯಾದರೆ ಅದರ ಮೂಲವನ್ನು ಯಾರಿಗೂ ಹೇಳುವುದಿಲ್ಲ.

ಮೇಣ ಗಟ್ಟಿಯಾಗಿ ನಿಲ್ಲಲು ಎಂಟು ಭಾಗಕ್ಕೆ ಒಂದು ಭಾಗದಂತೆ ಡಾಮರ್ ಎಂಬ ಮರದಂಟನ್ನು ಬೆರೆಸುವುದು ರೂಢಿ. ಮಹಾಶಯರು ಇದನ್ನು ಹೊರದೇಶದಿಂದ ತರಿಸುತ್ತಾರೆ. ಪೊಟ್ಟಣ ಕಸ್ಟಮ್ಸಿನಲ್ಲಿ ಎಷ್ಟು ದಿನ ಕೂತಿತ್ತು ಎಂಬುದನ್ನೂ ಹೆಮ್ಮೆಯಿಂದ ಹೇಳುತ್ತಾರೆ. ಪಶ್ಚಿಮಘಟ್ಟದ ಧೂಪದ ಮರದ ಅಂಟಿಗೆ ಇಂಗ್ಲಿಷಿನಲ್ಲಿ ಬಿಳಿ ಡಾಮರ್ ಎಂದೇ ಹೆಸರೆಂದೂ, ರಾಳವೆಂಬ ಹೆಸರಿನಲ್ಲಿ ಅಂಥ ಅಂಟು ಮೂಲೆಯ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆಂದೂ ಹೇಳಿದರೆ ಅವರಿಗೆ ಬೇಸರವಾಗುತ್ತದೆ. ಚನ್ನಪಟ್ಟಣದ ಮಾತು ಬೇಡವೇ ಬೇಡ. ಬೆಂಗಳೂರಿನಿಂದ 60 ಕಿ.ಮೀ. ದೂರದಲ್ಲಿ, ತಿರುಗುವ ಹಾಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿ, ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುವಂತೆ ಮಾಡುವವರು ತಲೆಮಾರುಗಳಿಂದ ಇದ್ದಾರೆ. ಬಿಸಿಯಿಂದ ಬಣ್ಣ ಕೂಡಿಸುವ ವಿದ್ಯೆಯಲ್ಲಿ ಅವರು ಮಹಾಶಯರ ದಾಯಾದಿಗಳು. ಮೈಸೂರಿಗೆ ಹೋಗುವಾಗಲೆಲ್ಲ ಮಹಾಶಯರು ಚನ್ನಪಟ್ಟಣ ದಾಟಿ ಮದ್ದೂರಿನಲ್ಲಿ ವಡೆಗೆ ನಿಲ್ಲಿಸುತ್ತಾರೆ.

ಇಷ್ಟೆಲ್ಲ ಕೊಂಡರೂ ಬಣ್ಣ ಬಿಸಿಯಾಗಿಡಲು ತಟ್ಟೆ ಇರುವುದಿಲ್ಲ. ಆಗ ಅಡುಗೆಮನೆಯ ಪಡ್ಡಿನ ಕಾವಲಿ ಕಣ್ಣಿಗೆ ಬೀಳುತ್ತದೆ. ಕಬ್ಬಿಣದ್ದು, ಭಾರವಾದದ್ದು, ಬಿಸಿ ಹಿಡಿದಿಟ್ಟುಕೊಳ್ಳುವಂಥದ್ದು. ಏಳು ಕುಳಿ, ಏಳು ಬಣ್ಣ. ಈ ಕಲೆಗಾಗಿಯೇ ಎರಕ ಹೊಯ್ದಂತಿದೆ. ನಡುವಿನ ಕುಳಿಗೆ ಬಿಳಿ, ಸುತ್ತ ಹಳದಿ, ಕೆಂಪು, ನೀಲಿ. ಅದು ಅತ್ತೆಯವರು ಹಾವೇರಿಯಿಂದ ಕಳಿಸಿದ್ದು ಎಂಬ ಸಂಗತಿ ನೆನಪಾಗುವಷ್ಟರಲ್ಲಿ ಹಸಿರು ಕರಗಿರುತ್ತದೆ.

ಜೇನುಮೇಣ ಕರಗುವುದು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕುಂಚಕ್ಕೆ ಹದವಾಗಿ ಹರಿಯಲು 80 ದಾಟಿದರೆ ಸಾಕು. 93ರಿಂದಾಚೆ ಹೋದರೆ ಹೊಗೆಯಾಡಲು ಶುರು, ಆ ಹೊಗೆ ಕಣ್ಣಿಗೂ ಗಂಟಲಿಗೂ ಕೇಡು. ಇಡೀ ವಿದ್ಯೆ ನಿಂತಿರುವುದು ಈ ಹದಿಮೂರು ಡಿಗ್ರಿಯ ಓಣಿಯಲ್ಲಿ. ಮಹಾಶಯರ ಬಳಿ ಇಲ್ಲದ ಒಂದೇ ಉಪಕರಣ ಥರ್ಮಾಮೀಟರು. ಆದರೆ ಮನೆಯಲ್ಲಿ ಉರಿಯ ಲೆಕ್ಕ ಬಲ್ಲವರೊಬ್ಬರು ಇದ್ದೇ ಇರುತ್ತಾರೆ. ಒಂದೆಳೆ ಪಾಕಕ್ಕೂ ಎರಡೆಳೆ ಪಾಕಕ್ಕೂ ನಡುವಿನ ಅರೆನಿಮಿಷವನ್ನು ಇಪ್ಪತ್ತೈದು ವರ್ಷಗಳಿಂದ ಬರಿಗಣ್ಣಿನಲ್ಲಿ ಹಿಡಿದವರು, ಮೈಸೂರುಪಾಕನ್ನು ಒಮ್ಮೆಯೂ ಕಲ್ಲು ಮಾಡದವರು. ಅವರನ್ನು ಕೇಳುವ ಕ್ರಮ ಇಲ್ಲ. ಅವರಾಗಿಯೇ ಬಾಗಿಲಲ್ಲಿ ನಿಂತು ಹೇಳುತ್ತಾರೆ:

“ರೀ, ಉರಿ ಸಣ್ಣ ಮಾಡಿ. ಸೀಯ್ತಾ ಇದೆ.”

“ಇದು ಅಡುಗೆ ಅಲ್ಲ ಕಣೇ, ಎನ್‌ಕಾಸ್ಟಿಕ್.”

“ಯಾವುದಾದ್ರೇನು, ಸೀಯ್ತಾ ಇದೆ.”

ಸೀದಿರುತ್ತದೆ. ಕಿಟಕಿಗಳನ್ನೆಲ್ಲ ತೆರೆದಿಡುವುದು ಈ ಕಲೆಯ ಮೊದಲ ನಿಯಮ. ಮಹಾಶಯರು ಅದನ್ನು ಕೊನೆಗೆ ಪಾಲಿಸುತ್ತಾರೆ. ಕಿಟಕಿ ತೆರೆದೊಡನೆ ಮೇಣದ ವಾಸನೆ ಹಿಡಿದು ಎರಡು ಜೇನುಹುಳ ಒಳಗೆ ಬಂದು, ಬಣ್ಣದ ಕುಳಿಗಳ ಮೇಲೆ ಹಾರಾಡಿ, ತಮ್ಮ ಸ್ವತ್ತಿನ ಗತಿ ಪರಿಶೀಲಿಸುತ್ತವೆ. ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಸುರಿಯಬಾರದು, ಸುರಿದರೆ ಉರಿಯುವ ಮೇಣ ಸಿಡಿಯುತ್ತದೆ; ಮುಚ್ಚಳ ಮುಚ್ಚಿ ಗಾಳಿ ಕಡಿಯಬೇಕು. ಇದೂ ಬಾಗಿಲಲ್ಲಿ ನಿಂತವರಿಗೆ ಗೊತ್ತು, ಒಗ್ಗರಣೆಯ ಎಣ್ಣೆಯಿಂದ ಕಲಿತದ್ದು.

ಮೊದಲ ಚಿತ್ರ ಸಾಮಾನ್ಯವಾಗಿ ಹೆಂಡತಿಯ ಭಾವಚಿತ್ರ, ಕಾವಲಿಗೆ ಪರಿಹಾರವಾಗಿ. ಕಣ್ಣು, ಮೂಗು, ಮೂಗುತಿ ಎಲ್ಲ ತಕ್ಕಮಟ್ಟಿಗೆ ಕೂತಿರುತ್ತವೆ. ಇನ್ನು ಬೆಸೆಯಬೇಕು. ಬೆಸೆಯುವುದೆಂದರೆ ಹೀಟ್ ಗನ್ನನ್ನು ತುಸು ದೂರದಲ್ಲಿ ಹಿಡಿದು ಆಡಿಸುತ್ತ, ಮೇಲ್ಮೈ ಒದ್ದೆಯಾದಂತೆ ಹೊಳೆದೊಡನೆ ತೆಗೆಯುವುದು. ಬೆಸೆಯದ ಪದರ ಮುಂದೆಂದೋ ಚಕ್ಕೆಯಾಗಿ ಏಳುತ್ತದೆ, ಹೆಚ್ಚು ಬೆಸೆದದ್ದು ಆಗಲೇ ಹರಿಯುತ್ತದೆ. ಮಹಾಶಯರು ಹೊಳಪನ್ನು ನೋಡುತ್ತ ಮೈಮರೆಯುತ್ತಾರೆ. ಎಡಗಣ್ಣು ಕೆನ್ನೆಗೆ ಇಳಿಯುತ್ತದೆ, ಕುಂಕುಮ ಮೂಗನ್ನು ಹಿಂಬಾಲಿಸುತ್ತದೆ, ಕೊನೆಗೆ ಎಲ್ಲವೂ ಗಲ್ಲದ ಬಳಿ ಸಭೆ ಸೇರುತ್ತವೆ. ಹತ್ತು ನಿಮಿಷದ ಮೌನದ ನಂತರ ಚಿತ್ರಕ್ಕೆ ‘ಮುಂಗಾರಿನ ಆಗುಂಬೆ’ ಎಂದು ಹೆಸರಿಡುತ್ತಾರೆ. ಮೇಣಚಿತ್ರದ ಹವ್ಯಾಸಿಗಳಲ್ಲಿ ಹೆಚ್ಚಿನವರು ಅಮೂರ್ತ ಕಲಾವಿದರಾಗುವುದು ಹೀಗೆ. ಸಿದ್ಧಾಂತದ ಪಾತ್ರ ಅದರಲ್ಲಿ ಕಡಿಮೆ.

ಕೆಲ ವಾರಗಳಲ್ಲಿ ಆಗುಂಬೆಯ ಮೇಲೆ ಬಿಳಿಯ ಮಬ್ಬು ಕೂರುತ್ತದೆ. ಮೇಣದ ಸಹಜ ಗುಣ ಅದು. ಮೆತ್ತನೆಯ ಬಟ್ಟೆಯಲ್ಲಿ ಉಜ್ಜಿದರೆ ಹೋಗಿ ಹೊಳಪು ಬರುತ್ತದೆ. ಮಹಾಶಯರು ಅದನ್ನು ಮಂಜು ಎಂದು ವಿವರಿಸುತ್ತಿರುವಾಗಲೇ ಕೆಲಸದಾಕೆ ಧೂಳೆಂದು ತಿಳಿದು ಹಳೆಯ ಪಂಚೆಯ ತುಂಡಿನಿಂದ ಒರೆಸಿಬಿಡುತ್ತಾಳೆ. ಚಿತ್ರ ಅಂದಿನಷ್ಟು ಚೆನ್ನಾಗಿ ಎಂದೂ ಕಂಡಿರುವುದಿಲ್ಲ.

ಕಡೆಗೆ ಬರುವುದು ಚಿತ್ರಸಂತೆ. ಕರ್ನಾಟಕ ಚಿತ್ರಕಲಾ ಪರಿಷತ್ತು ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಈ ಸಂತೆಗೆ ಲಕ್ಷಗಟ್ಟಲೆ ಜನ ಬರುತ್ತಾರೆ. ಹವ್ಯಾಸಿಯ ಚಿತ್ರದ ಮುಂದೆ ನಿಂತವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಯ ಪ್ರಶ್ನೆ ಒಂದೇ: “ಬಿಸಿಲಿಗೆ ಕರಗಲ್ವಾ ಸಾರ್?” ಹತ್ತನೆಯವರು ಬೆರಳಿನಿಂದ ಒತ್ತಿ ನೋಡುತ್ತಾರೆ. ಉತ್ತರ ಸರಳ: ಮನೆಯ ಗೋಡೆಯ ಮೇಲೆ ಕರಗುವುದಿಲ್ಲ, ಯಾವ ಬೇಸಿಗೆಯಲ್ಲೂ ಕೋಣೆ 60 ಡಿಗ್ರಿ ಮುಟ್ಟುವುದಿಲ್ಲ. ಮಹಾಶಯರು ಈ ಸರಳ ಉತ್ತರ ಕೊಡದೆ ಫಯೂಮಿನಿಂದ ಶುರು ಮಾಡುತ್ತಾರೆ. ಶತಮಾನಗಟ್ಟಲೆ ಈಜಿಪ್ಟಿನ ಮರಳಿನಲ್ಲಿದ್ದೂ ಕರಗದ ಮುಖಗಳ ಕಥೆ ಮುಗಿಯುವಷ್ಟರಲ್ಲಿ ಕೇಳಿದವರು ಎರಡು ಮಳಿಗೆ ದಾಟಿ ಜೋಳ ತಿನ್ನುತ್ತಿರುತ್ತಾರೆ.

ಕರಗುವ ಜಾಗ ಬೇರೆ ಇದೆ. ಬೇಸಿಗೆಯಲ್ಲಿ ಗಾಜು ಏರಿಸಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡು 70 ಡಿಗ್ರಿ ದಾಟಬಲ್ಲದು. ಏಪ್ರಿಲ್‌ನಲ್ಲಿ ಭಾವಮೈದುನನ ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಹೊರಟ ‘ಆಗುಂಬೆ’, ಹೊಸ ಮನೆಯ ಮುಂದಿನ ಬಿಸಿಲಿನಲ್ಲಿ ಎರಡು ಗಂಟೆ ಕಾದು, ಸೀಟಿನ ಮೇಲೂ ಮಳೆ ಸುರಿಸುತ್ತದೆ. ಗೃಹಪ್ರವೇಶಕ್ಕೆ ಗೋಡೆ ಗಡಿಯಾರ ಹೋಗುತ್ತದೆ.

ಹವ್ಯಾಸದ ಆಯುಸ್ಸು ಸುಮಾರು ಹದಿನೆಂಟು ತಿಂಗಳು. ಆಮೇಲೆ ಹೀಟ್ ಗನ್ನು ಗಿಟಾರಿನ ಪಕ್ಕ ಮಲಗುತ್ತದೆ, ಉಳಿದ ಮೇಣ ಹಿಮ್ಮಡಿಯ ಬಿರುಕಿಗೆ ಹಚ್ಚಲು ಬಳಕೆಯಾಗುತ್ತದೆ. ಕಾವಲಿ ಮಾತ್ರ ಅಡುಗೆಮನೆಗೆ ಮರಳುವಂತಿಲ್ಲ. ಕ್ಯಾಡ್ಮಿಯಂ, ಕೋಬಾಲ್ಟ್ ಬೆರೆತ ಬಣ್ಣಗಳು ಕರಗಿದ ಮೇಲೆ, ಎಷ್ಟು ತಿಕ್ಕಿ ತೊಳೆದರೂ ಅದರಲ್ಲಿ ಮತ್ತೆ ಪಡ್ಡು ಹೊಯ್ಯಬಾರದು. ಹೊಸದನ್ನೇ ತರಬೇಕು, ಹಾವೇರಿಯಿಂದ.