ಎಕ್ಸ್ ನಮ್ಮೂರಿನವನೇ

ಮಕ್ಕಳಿಗೆ ಬೀಜಗಣಿತ ಹತ್ತಿಸಲು ಆರನೇ ಕ್ಲಾಸಿನ ಗಣಿತ ಪುಸ್ತಕ ವರ್ಷಗಟ್ಟಲೆ ಬೆಂಕಿಕಡ್ಡಿ ಜೋಡಿಸಿತು. ಶಿಡ್ಲಘಟ್ಟದಲ್ಲಿ ಅಷ್ಟು ಕಡ್ಡಿ ಖರ್ಚು ಮಾಡಬೇಕಿರಲಿಲ್ಲ. ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚಿ, ಎದ್ದಿವೆ. ನೂರು ಮೊಟ್ಟೆಗೊಂಚಲಿನ ಚಾಕಿ ಮರಿಗಳಿಗೆ 70 ಕಿಲೋ ಗೂಡು ಆಯಿತೆನ್ನಿ, ಕಿಲೋಗೆ ಎಕ್ಸ್ ರೂಪಾಯಿ. 70 ಎಕ್ಸ್‌ನಲ್ಲಿ ಸೊಪ್ಪು, ಆಳು, ಔಷಧಿ, ಗಾಡಿ ಬಾಡಿಗೆ ಕಳೆಯಿರಿ. ಉಳಿದರೆ ಅಕ್ಕನ ಕಾಲೇಜು ಫೀಸು. ಎಕ್ಸ್ ಎಷ್ಟೆಂದು ತಿಳಿಯುವುದು ಹರಾಜಿನಲ್ಲಿ. ಬೆಲೆ ಸಾಲದೆಂದು ಗೂಡನ್ನು ಎಷ್ಟು ದಿನ ಇಟ್ಟುಕೊಂಡಾರು? ಒಳಗಿನ ಹುಳು ಚಿಟ್ಟೆಯಾಗಿ ತೂತು ಕೊರೆಯುತ್ತದೆ.

ಚಿಂತಾಮಣಿಯ ಟೊಮೆಟೊ ಋಣಸಂಖ್ಯೆಯನ್ನೂ ಪುಕ್ಕಟೆ ಕಲಿಸುತ್ತದೆ. ಕೆಲವು ಸಲ ಮಾರಿದ ದುಡ್ಡಿಗಿಂತ ಕಿತ್ತ ಕೂಲಿಯೇ ಹೆಚ್ಚು.

12ನೇ ಶತಮಾನದ ಭಾಸ್ಕರಾಚಾರ್ಯ ಅಜ್ಞಾತ ಬೆಲೆಗಳಿಗೆ ಬಣ್ಣದ ಹೆಸರಿಟ್ಟ: ಕಾಲಕ, ನೀಲಕ, ಪೀತಕ, ಶ್ವೇತಕ. ಮಿಶ್ರತಳಿಯ ಹಳದಿ ಗೂಡು ಪೀತಕ, ದ್ವಿತಳಿಯ ಬಿಳಿ ಗೂಡು ಶ್ವೇತಕ ಎಂದರೆ ನಮ್ಮ ಹುಡುಗಿಯರು ಅವನ ಕ್ಲಾಸಿನಲ್ಲೂ ಮೊದಲ ಬೆಂಚು. ಅಜ್ಞಾತಗಳು ಜಾಸ್ತಿ, ಸಮೀಕರಣ ಕಮ್ಮಿ ಇದ್ದರೂ ಬಿಡಿಸಲು ಅವನ ಬಳಿ ಕುಟ್ಟಕವೆಂಬ ವಿಧಾನವಿತ್ತು. ಆದರೆ ಪಾಪ, ಅವನು ಎತ್ತಿನಹೊಳೆ ಯೋಜನೆ ಕಂಡಿರಲಿಲ್ಲ.

ಬಯಲುಸೀಮೆಗೆ ನೀರು ತರುವ ಈ ಯೋಜನೆಗೆ 2014ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆ. ನೀರು 24.01 ಟಿಎಂಸಿ, ವೆಚ್ಚ 12,912 ಕೋಟಿ. ಆಮೇಲೆ ವೆಚ್ಚ 23,251 ಕೋಟಿಗೆ ಏರಿತು. ಕಾಗದದ ನೀರು ಮಾತ್ರ ಅದೇ 24.01. ಚರಾಕ್ಷರ ಯಾವುದು, ಸ್ಥಿರಾಂಕ ಯಾವುದು ಎಂದು ಇದಕ್ಕಿಂತ ಚೆನ್ನಾಗಿ ಯಾವ ಮೇಷ್ಟ್ರು ತೋರಿಸಿಯಾರು? ಕೊನೆಯ ಆ ‘.01’ ನೋಡಿ, ಹೊಳೆಯನ್ನು ಚಮಚದಲ್ಲಿ ಅಳೆದಂತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಲ್ಲಿರುವುದೇ 9.55 ಟಿಎಂಸಿ ಎಂದರು. ವಿಜ್ಞಾನಿಗಳಿಗೆ ಉತ್ಸಾಹ ಕಮ್ಮಿ. 2024ರ ಗೌರಿ ಹಬ್ಬಕ್ಕೆ ಸಕಲೇಶಪುರದ ಬಳಿ ಪಂಪು ತಿರುಗಿ, ನೀರು ವಾಣಿವಿಲಾಸ ಸಾಗರದ ದಾರಿ ಹಿಡಿಯಿತು. ಗೌರಿಬಿದನೂರಿಗೆ ಬಂದವಳು ಗೌರಿ ಮಾತ್ರ.

ಆ ನೀರು ಬರುವವರೆಗೆ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಬೆಂಗಳೂರು ಬಳಸಿ ಬಿಟ್ಟ ನೀರು ಎರಡು ಹಂತ ಶುದ್ಧವಾಗಿ ಬರುತ್ತದೆ. ಮೂರನೇ ಹಂತ ಯಾವಾಗ ಎಂದು ಕೇಳಿದವರಿಗೆ ಸಿಕ್ಕ ಉತ್ತರ ಇನ್ನೊಂದು ಎಕ್ಸ್.

ಪರೀಕ್ಷೆಯಲ್ಲಿ ಹುಡುಗನೊಬ್ಬ ‘ಎಕ್ಸ್‌ನ ಬೆಲೆಯನ್ನು ಪರಿಷ್ಕೃತ ಅಂದಾಜಿನಲ್ಲಿ ತಿಳಿಸಲಾಗುವುದು’ ಎಂದು ಬರೆದರೆ ಸೊನ್ನೆ. ಇದೇ ಉತ್ತರವನ್ನು ಸಚಿವ ಸಂಪುಟದ ಮುಂದಿಟ್ಟರೆ 10,339 ಕೋಟಿ ಹೆಚ್ಚುವರಿ.