ಮ್ಯಾಟ್ ಹೆನ್ರಿ ಯಾರು ಸಾರ್?

2024ರ ಅಕ್ಟೋಬರ್ 17, ಗುರುವಾರ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ 31.2 ಓವರುಗಳಲ್ಲಿ 46 ರನ್ನಿಗೆ ಆಲೌಟ್. ತವರಿನ ಟೆಸ್ಟುಗಳಲ್ಲಿ ಭಾರತ ಗಳಿಸಿದ ಅತಿ ಕಡಿಮೆ ಮೊತ್ತ. ಏಷ್ಯಾದ ನೆಲದಲ್ಲಿ ಅಲ್ಲಿಯತನಕ ಯಾವ ಟೆಸ್ಟ್ ತಂಡವೂ ಇಷ್ಟು ಕೆಳಕ್ಕೆ ಇಳಿದಿರಲಿಲ್ಲ. ಐವರು ಸೊನ್ನೆ ಸುತ್ತಿ ಬಂದರು.

ಮಧ್ಯಾಹ್ನದ ಊಟದ ಹೊತ್ತಿಗಾಗಲೇ ದರ್ಶಿನಿಗಳ ಕಟ್ಟೆಯ ಮೇಲೆ, ಆಫೀಸಿನ ಕ್ಯಾಂಟೀನುಗಳಲ್ಲಿ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪುಗಳಲ್ಲಿ ವಿಚಾರಣೆ ಶುರುವಾಗಿತ್ತು. ಆರೋಪಿಗಳಿಗೇನೂ ಬರವಿರಲಿಲ್ಲ. ಟಾಸ್ ಗೆದ್ದು ಬ್ಯಾಟಿಂಗ್ ಆಯ್ದುಕೊಂಡ ರೋಹಿತ್ ಶರ್ಮಾ ಒಂದನೆಯವರು. ಕೋಚ್ ಗೌತಮ್ ಗಂಭೀರ್ ಎರಡನೆಯವರು. ಹಿಂದಿನ ದಿನವಿಡೀ ಮಳೆಯಲ್ಲಿ ಹೊದ್ದು ಮಲಗಿದ್ದ ಪಿಚ್ಚು, ಮೋಡ, ಐಪಿಎಲ್, ಇಂಥ ಹವೆಯಲ್ಲಿ ಮೂವರು ಸ್ಪಿನ್ನರುಗಳನ್ನು ಆಡಿಸಿದವರು, ಕತ್ತು ಹಿಡಿದುಕೊಂಡು ಹೊರಗುಳಿದ ಶುಭಮನ್ ಗಿಲ್, ಆತ ರಾತ್ರಿ ತಲೆಗಿಟ್ಟುಕೊಂಡ ದಿಂಬು. ಎಲ್ಲರಿಗೂ ಸಮನ್ಸ್ ಹೋಯಿತು. ಇಬ್ಬರಿಗೆ ಮಾತ್ರ ಹೋಗಲಿಲ್ಲ. ಒಬ್ಬಾತ 15 ರನ್ ಕೊಟ್ಟು 5 ವಿಕೆಟ್ ಕಿತ್ತ ಮ್ಯಾಟ್ ಹೆನ್ರಿ. ಇನ್ನೊಬ್ಬಾತ 22 ರನ್ ಕೊಟ್ಟು 4 ವಿಕೆಟ್ ಪಡೆದ ವಿಲಿಯಂ ಓ'ರೂರ್ಕ್.

ನಮ್ಮ ಬೀದಿಯ ಹಿರಿಯರೊಬ್ಬರನ್ನು ಕೇಳಿದೆ: "ಹೆನ್ರಿ ಬೌಲಿಂಗ್ ಹೆಂಗಿತ್ತು ಸಾರ್?"

"ಯಾರ್ರೀ ಅವ್ನು?"

"ಐದು ವಿಕೆಟ್ ತಗೊಂಡ್ನಲ್ಲ, ಅವ್ನು. ಇದೇ ಇನಿಂಗ್ಸಲ್ಲಿ ಟೆಸ್ಟಲ್ಲಿ ನೂರು ವಿಕೆಟ್ ಆಯ್ತಂತೆ."

"ಅಯ್ಯೋ ಬಿಡ್ರೀ. ಆ ಮೋಡದಲ್ಲಿ ನಮ್ಮ ಅಪಾರ್ಟ್‌ಮೆಂಟ್ ಸೆಕ್ಯೂರಿಟಿ ಚೆಂಡು ಹಾಕಿದ್ರೂ ಐದು ಬೀಳ್ತಿತ್ತು."

ಅದೇ ಮಧ್ಯಾಹ್ನ ಭಾರತದವರೂ ಅದೇ ಪಿಚ್ಚಿನಲ್ಲಿ ಬೌಲ್ ಮಾಡಿದರು. ಸಂಜೆಗೆ ನ್ಯೂಜಿಲೆಂಡ್ 3 ವಿಕೆಟಿಗೆ 180. ಪಿಚ್ಚು ಅಷ್ಟರಲ್ಲಿ ಆರಿತ್ತು ಎಂಬ ವಾದವಿದೆ, ಅರ್ಧದಷ್ಟು ಒಪ್ಪೋಣ. ಉಳಿದರ್ಧಕ್ಕೆ ಸೆಕ್ಯೂರಿಟಿಯವನೇ ಉತ್ತರ ಹೇಳಬೇಕು.

ನಮ್ಮ ಕ್ರಿಕೆಟ್ ಅಭಿಮಾನಿ ನಂಬಿಕೊಂಡು ಬಂದ ಸಿದ್ಧಾಂತ ಒಂದೇ: ಭಾರತವನ್ನು ಯಾರೂ ಸೋಲಿಸುವುದಿಲ್ಲ, ಭಾರತ ತಾನಾಗಿಯೇ ಸೋಲುತ್ತದೆ. ಗೆದ್ದರೆ ನಮ್ಮ ಪ್ರತಾಪ, ಸೋತರೆ ನಮ್ಮ ಪ್ರಮಾದ. ಎದುರಿಗೆ ನಿಂತವರು ಎರಡೂ ಸಲ ಲೆಕ್ಕಕ್ಕಿಲ್ಲ. "ಥೂ, ಮಾನ ಮರ್ಯಾದೆ ಇಲ್ಲದ ಟೀಮು" ಎಂದು ಆತ ಟಿವಿಯ ಮುಂದೆ ಎದೆ ಬಡಿದುಕೊಳ್ಳುವಾಗ ನೋಡಿದವರಿಗೆ ಅದು ವಿನಯ ಎನ್ನಿಸೀತು. ವಿನಯವಲ್ಲ ಸ್ವಾಮಿ, ಜಂಬ. ಸೋಲನ್ನು ಕೂಡ ಪರರಿಗೆ ಬಿಟ್ಟುಕೊಡಲಾರದ ಜಂಬ.

ಹೋಗಲಿ, ಬಂದವರಾದರೂ ಎಂಥವರು? ಅವರ ದೇಶದ ಜನರನ್ನೆಲ್ಲ ಕರೆತಂದರೂ ಬೆಂಗಳೂರಿನ ಅರ್ಧ ತುಂಬುವುದು ಕಷ್ಟ. ಶ್ರೀಲಂಕಾದಲ್ಲಿ ಎರಡಕ್ಕೆ ಎರಡೂ ಟೆಸ್ಟ್ ಸೋತು ನೇರ ಇಲ್ಲಿಗೆ ಬಂದಿದ್ದರು. ಕೇನ್ ವಿಲಿಯಮ್ಸನ್ ಗಾಯಾಳು. ಟಿಮ್ ಸೌಥಿ ನಾಯಕತ್ವ ಬಿಟ್ಟುಕೊಟ್ಟಿದ್ದರಿಂದ ಟಾಮ್ ಲೇಥಮ್ ಹೊಸ ನಾಯಕ. ಭಾರತದಲ್ಲಿ ಅವರು ಅದುವರೆಗೆ ಗೆದ್ದಿದ್ದೇ ಎರಡು ಟೆಸ್ಟು, 1969ರಲ್ಲಿ ನಾಗಪುರದಲ್ಲಿ, 1988ರಲ್ಲಿ ಮುಂಬೈಯಲ್ಲಿ. ಇಂಥವರ ಕೈಲಿ ಸೋತೆವು ಎನ್ನುವುದು ಹೇಗೆ? ಆದ್ದರಿಂದ ಮೋಡದ ಕೈಲಿ ಸೋತೆವು.

ಇನ್ನು "ನಮ್ಮ ಕಾಲದಲ್ಲಿ" ಪಂಗಡ. ವಿಶ್ವನಾಥ್ ಇದ್ದಿದ್ದರೆ, ಬ್ರಿಜೇಶ್ ಇದ್ದಿದ್ದರೆ, ಪ್ರಸನ್ನ-ಚಂದ್ರ ಇದ್ದಿದ್ದರೆ! ಇದ್ದರಲ್ಲ. 1974ರಲ್ಲಿ ಲಾರ್ಡ್ಸ್‌ನಲ್ಲಿ ಭಾರತ 42ಕ್ಕೆ ಗಂಟು ಕಟ್ಟಿದಾಗ ತಂಡದಲ್ಲಿ ನಾಲ್ವರೂ ಇದ್ದರು. ವಿಶ್ವನಾಥ್ 5, ಬ್ರಿಜೇಶ್ 1, ಗಾಯಗೊಂಡಿದ್ದ ಚಂದ್ರಶೇಖರ್ ಬ್ಯಾಟು ಹಿಡಿಯಲೇ ಇಲ್ಲ. ಹಿರಿಯರಿಗೆ 1971ರ ಓವಲ್‌ನಲ್ಲಿ ಚಂದ್ರ 38ಕ್ಕೆ 6 ವಿಕೆಟ್ ಕಿತ್ತದ್ದು ಬಾಲ್ ಬಾಲ್ ನೆನಪಿದೆ. ಮೂರೇ ವರ್ಷ ಈಚಿನ ಲಾರ್ಡ್ಸ್ ಬಂದರೆ ರೇಡಿಯೋ ಕೆಟ್ಟುಹೋಗುತ್ತದೆ. ಆಗಿನ ಅಭಿಮಾನಿಯೇನು ಸಾಧುವಾಗಿರಲಿಲ್ಲ. ನಾಯಕ ಅಜಿತ್ ವಾಡೇಕರ್ ಮನೆಗೆ ಕಲ್ಲು ಬಿತ್ತು. 1971ರ ಗೆಲುವಿನ ಸಂಭ್ರಮಕ್ಕೆಂದು ಇಂದೋರಿನಲ್ಲಿ ನಿಲ್ಲಿಸಿದ್ದ ಕಾಂಕ್ರೀಟ್ ಬ್ಯಾಟಿಗೆ ಡಾಂಬರು ಬಳಿದರು. ಅಂದು ಕಲ್ಲು ಹುಡುಕಬೇಕಿತ್ತು, ವಿಳಾಸ ತಿಳಿಯಬೇಕಿತ್ತು, ಅಲ್ಲಿಯತನಕ ನಡೆಯಬೇಕಿತ್ತು. ಇಂದಿನವನಿಗೆ ಹೆಬ್ಬೆರಳು ಸಾಕು, ಅದೂ ಸೋಫಾದಲ್ಲಿ ಮಲಗಿಕೊಂಡೇ.

ಆದರೆ ಬೆಂಗಳೂರಿನ ಅಭಿಮಾನಿಗೆ ಉಳಿದ ದೇಶಕ್ಕಿಲ್ಲದ ಒಂದು ಸೌಕರ್ಯ ಆ ವಾರ ಒದಗಿಬಂತು. ಅದರ ಹೆಸರು ರಚಿನ್ ರವೀಂದ್ರ. ಹುಟ್ಟಿದ್ದು ವೆಲಿಂಗ್ಟನ್ನಿನಲ್ಲಿ, ಅಪ್ಪ-ಅಮ್ಮ ಬೆಂಗಳೂರಿನವರು, ಅಜ್ಜ-ಅಜ್ಜಿಯ ಮನೆ ಜಯನಗರ. ಹುಡುಗ 134 ಹೊಡೆದ. ಎಂಟನೇ ವಿಕೆಟಿಗೆ ಸೌಥಿಯ ಜೊತೆ 137 ರನ್ ಸೇರಿಸಿದ. ನ್ಯೂಜಿಲೆಂಡ್ 402 ಮುಟ್ಟಿತು. ಶುಕ್ರವಾರ ಸಂಜೆಯೊಳಗೆ ವಿಚಾರಣೆಯ ಧಾಟಿಯೇ ಬದಲಾಗಿಹೋಯಿತು. "ನಮ್ ಹುಡ್ಗ ಕಣ್ರೀ! ರಕ್ತ ಎಲ್ಲಿಗೆ ಹೋಗುತ್ತೆ?" ರಾಹುಲ್ ಮತ್ತು ಸಚಿನ್ ಹೆಸರು ಸೇರಿಸಿ ಇಟ್ಟದ್ದು ಎಂಬ ಕತೆಯೂ ಜೊತೆಗೆ ಬಂತು. ಹಾಗೆಂದು ಉದ್ದೇಶಿಸಿ ಇಟ್ಟದ್ದಲ್ಲ ಎಂದು ಹುಡುಗನ ತಂದೆ ಹಿಂದೆಯೇ ಹೇಳಿದ್ದರು. ಹೆಸರಿಟ್ಟವರ ಮಾತನ್ನು ಇಂಥ ಹೊತ್ತಿನಲ್ಲಿ ಯಾರು ಕೇಳುತ್ತಾರೆ? ಒಟ್ಟಾರೆ ನ್ಯೂಜಿಲೆಂಡಿನವನೊಬ್ಬ ಚೆನ್ನಾಗಿ ಆಡಿದ ಎಂದು ನಾವು ಮೊದಲ ಸಲ ಒಪ್ಪಿಕೊಂಡೆವು, ಅವನು ನ್ಯೂಜಿಲೆಂಡಿನವನಲ್ಲ ಎಂಬ ಷರತ್ತಿನ ಮೇಲೆ. ಸೋತದ್ದು ಇಂಡಿಯಾ, ಗೆದ್ದದ್ದು ಜಯನಗರ.

ಇದೇ ಊರಿನ ಇನ್ನೊಬ್ಬ ಹುಡುಗನಿಗೆ ಈ ಲಾಭವಾಗಲಿಲ್ಲ. ಗಳಿಸಿದ ದಿನ "ನಮ್ಮ ರಾಹುಲ್", ಗಳಿಸದ ದಿನ "ಆ ಕೆ.ಎಲ್." ಎಂಬುದು ಇಲ್ಲಿನ ವಾಡಿಕೆ. ಈ ಪಂದ್ಯದಲ್ಲಿ ಸೊನ್ನೆ ಮತ್ತು 12. ಆಟ ಮುಗಿದ ಮೇಲೆ ರಾಹುಲ್ ಬಾಗಿ ಪಿಚ್ಚನ್ನು ಮುಟ್ಟಿ ನಮಸ್ಕರಿಸಿದ ತುಣುಕೊಂದು ಹರಿದಾಡಿ, ನಿವೃತ್ತಿಯೇ ಘೋಷಣೆಯಾಯಿತೆಂದು ಊರೆಲ್ಲ ತೀರ್ಮಾನಿಸಿತು. ತವರಿನ ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಕನ್ನಡಿಗನಿಗೆ ಬೇರೆ ಕಾರಣ ಇರಬಾರದೇ?

ಶನಿವಾರದ ಸಂಭ್ರಮ ಹೇಳದಿದ್ದರೆ ತಪ್ಪಾದೀತು. ಸರ್ಫರಾಜ್ ಖಾನ್ 150, ರಿಷಭ್ ಪಂತ್ 99, ಒಂದು ಹಂತದಲ್ಲಿ ಭಾರತ 3 ವಿಕೆಟಿಗೆ 408. "ಮಾನಗೆಟ್ಟ ಟೀಮು" ಮಧ್ಯಾಹ್ನದ ಕಾಫಿಯೊಳಗೆ "ನಮ್ ಹುಡುಗ್ರು" ಆದರು. ರೋಹಿತ್‌ನನ್ನು ವಜಾ ಮಾಡಿದ್ದವರೇ ವಾಪಸು ಕರೆದು, ಎಷ್ಟಕ್ಕೆ ಡಿಕ್ಲೇರ್ ಮಾಡಬೇಕೆಂದು ಸಲಹೆಯನ್ನೂ ಕೊಟ್ಟರು. ನ್ಯೂಜಿಲೆಂಡ್ ಹೊಸ ಚೆಂಡು ಪಡೆಯಿತು. ಕೊನೆಯ ಏಳು ವಿಕೆಟ್ 54 ರನ್ನಿಗೆ ಉದುರಿದವು, 462ಕ್ಕೆ ಮುಗಿಯಿತು. ಈ ಸಲವೂ ಹೆನ್ರಿಗೆ ಮೂರು, ಓ'ರೂರ್ಕ್‌ಗೆ ಮೂರು. ವಿಚಾರಣೆಯಲ್ಲಿ ಮಾತ್ರ ತಪ್ಪು ಹೊಸ ಚೆಂಡಿನದು.

ಗೆಲ್ಲಲು ಅವರಿಗೆ 107 ಸಾಕಿತ್ತು. ಭಾನುವಾರ ಬೆಳಿಗ್ಗೆ ಊರು ಮುಗಿಲು ನೋಡಿತು. ಬುಧವಾರ ಇಡೀ ದಿನದಾಟ ನುಂಗಿದ್ದಕ್ಕೆ ಬೈಸಿಕೊಂಡಿದ್ದ ಮಳೆಯೇ ಈಗ ಹನ್ನೆರಡನೆಯ ಆಟಗಾರ. ಎಷ್ಟು ಸುರಿದರೂ ನೀರು ಹೀರಿ ಹೊರಹಾಕುವ ಚಿನ್ನಸ್ವಾಮಿಯ ವ್ಯವಸ್ಥೆಯನ್ನು ಹೊರಗಿನವರ ಮುಂದೆ ಹೊಗಳುತ್ತಿದ್ದ ನಾವೇ, ಅದೊಂದು ದಿನ ಕೆಟ್ಟು ಕೂತರೆ ಏನು ಗಂಟು ಹೋಗುತ್ತಿತ್ತು ಎಂದುಕೊಂಡೆವು. ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಲ್ಲಿಸುವ ಊರು ಬೇಕಾದಾಗ ಮೈದಾನದಲ್ಲಿ ಒಂದಿಂಚು ನಿಲ್ಲಿಸಲಿಲ್ಲ. ನ್ಯೂಜಿಲೆಂಡ್ ಎಂಟು ವಿಕೆಟ್‌ಗಳಿಂದ ಗೆದ್ದಿತು. ಪಿಚ್ಚನ್ನು ತಪ್ಪಾಗಿ ಅಂದಾಜು ಮಾಡಿದ್ದು ತಾನೇ ಎಂದು ರೋಹಿತ್ ಆಗಲೇ ಒಪ್ಪಿಕೊಂಡಾಗಿತ್ತು. ಇದು ಅಭಿಮಾನಿಗೆ ಹಿಡಿಸಲಿಲ್ಲ. ಆರೋಪಿಯೇ ತಪ್ಪೊಪ್ಪಿಕೊಂಡರೆ ವಾದ ಮಾಡುವುದು ಯಾರ ಮೇಲೆ?

ಎರಡನೇ ಟೆಸ್ಟಿಗೆ ಪುಣೆಯಲ್ಲಿ ಸ್ಪಿನ್ ಪಿಚ್ಚು ಸಿಕ್ಕಿತು. ಅದುವರೆಗೆ ಟೆಸ್ಟಿನ ಒಂದು ಇನಿಂಗ್ಸಿನಲ್ಲಿ ಐದು ವಿಕೆಟ್ಟನ್ನೂ ಕಾಣದಿದ್ದ ಮಿಚೆಲ್ ಸ್ಯಾಂಟ್ನರ್ ಪಂದ್ಯದಲ್ಲಿ 13 ಕಿತ್ತ. 113 ರನ್ನಿನ ಸೋಲು, 2012ರ ನಂತರ ತವರಿನಲ್ಲಿ ಮೊದಲ ಸರಣಿ ಸೋಲು. "ಸ್ಪಿನ್ ಪಿಚ್ ಮಾಡಿದ್ದೇ ತಪ್ಪು" ಎಂದರು, ಬೆಂಗಳೂರಿನಲ್ಲಿ ಸ್ಪಿನ್ ಪಿಚ್ ಯಾಕೆ ಮಾಡಲಿಲ್ಲ ಎಂದು ಕೇಳಿದ್ದವರೇ. ದೀಪಾವಳಿಯ ವಾರ ಮುಂಬೈಯಲ್ಲಿ 147 ಬೇಕಿದ್ದಾಗ 121ಕ್ಕೆ ಕತೆ ಮುಗಿದು 3-0 ಆಯಿತು. ಅಲ್ಲಿ 11 ವಿಕೆಟ್ ಪಡೆದ ಎಜಾಜ್ ಪಟೇಲ್ ಮುಂಬೈಯಲ್ಲೇ ಹುಟ್ಟಿದವನು. ಮುಂಬೈಯವರಿಗೂ ಒಬ್ಬ ಸಿಕ್ಕ. ಪಾಪ, ಪುಣೆಗೆ ಮಾತ್ರ ಯಾರೂ ಸಿಗಲಿಲ್ಲ.

ಮೂರು ವಾರ ಕಳೆಯಿತು. ಪರ್ತ್‌ನಲ್ಲಿ ಆಸ್ಟ್ರೇಲಿಯಾವನ್ನು 295 ರನ್ನುಗಳಿಂದ ಬಗ್ಗುಬಡಿದೆವು. ಆಸ್ಟ್ರೇಲಿಯಾ ಪಿಚ್ಚನ್ನು ತಪ್ಪಾಗಿ ಅಂದಾಜು ಮಾಡಿತು, ಟಾಸ್ ಅವರ ಕಡೆ ಬೀಳಲಿಲ್ಲ, ಮೋಡ ಮೋಸ ಮಾಡಿತು ಎಂದು ನಮ್ಮ ಬೀದಿಯಲ್ಲಿ ಒಬ್ಬರೂ ಹೇಳಲಿಲ್ಲ. ಹಿರಿಯರು ಕಾರಣ ಒಂದೇ ಮಾತಿನಲ್ಲಿ ಕೊಟ್ಟರು: "ರೋಹಿತ್ ಇರ್ಲಿಲ್ಲ, ಗೆದ್ವಿ." ಮಗು ಹುಟ್ಟಿದ್ದರಿಂದ ರೋಹಿತ್ ಮನೆಯಲ್ಲೇ ಉಳಿದಿದ್ದು ನಿಜ. ಎಂಟು ವಿಕೆಟ್ ಕಿತ್ತ ಬೂಮ್ರಾ ಇದ್ದದ್ದೂ ನಿಜ.

ಡಿಸೆಂಬರ್ 8ರಂದು ಅಡಿಲೇಡ್‌ನಲ್ಲಿ ಹತ್ತು ವಿಕೆಟ್‌ಗಳ ಸೋಲು. ಮೊದಲ ಇನಿಂಗ್ಸಿನಲ್ಲಿ ಮಿಚೆಲ್ ಸ್ಟಾರ್ಕ್‌ಗೆ 48ಕ್ಕೆ 6, ಟ್ರಾವಿಸ್ ಹೆಡ್ 140. ಕಾರಣ ಏನಿರಬಹುದೆಂದು ಕೇಳಲು ಹೋದೆ. ಹಿರಿಯರು ಪೇಪರಿನಿಂದ ತಲೆ ಎತ್ತಲೂ ಇಲ್ಲ.

"ರೋಹಿತ್ ಬಂದ್ನಲ್ಲ."