ನಾನು ತಗೊಳ್ಳೋದಿಲ್ಲ, ನೀವು ತಗೊಳ್ಳಿ

ತುಮಕೂರಿನಿಂದ ಬಿ.ಎಚ್. ರಸ್ತೆ ಹಿಡಿದು ಹೊರಟು ತಿಪಟೂರು, ಅರಸೀಕೆರೆ, ಕಡೂರು, ಎಲ್ಲಿ ಇಳಿದರೂ ಒಂದು ‘ಬಾರ್ ಅಂಡ್ ಫ್ಯಾಮಿಲಿ ರೆಸ್ಟೋರೆಂಟ್’ ಕಣ್ಣಿಗೆ ಬೀಳುತ್ತದೆ. ಫ್ಯಾಮಿಲಿ ಅಂದರೆ ಮೂಲೆಯಲ್ಲಿ ಎರಡು ಕ್ಯಾಬಿನ್, ಅವಕ್ಕೆ ನೀರು ಕಂಡು ಯಾವ ಕಾಲವಾಯಿತೋ ಎಂಬಂಥ ಹಸಿರು ಪರದೆ. ಒಳಗೆ ಮಟಮಟ ಮಧ್ಯಾಹ್ನವೂ ರಾತ್ರಿ ಒಂಬತ್ತರ ಬೆಳಕು. ಆ ಬೆಳಕಿನಲ್ಲಿ ಮೆನು ಓದಬಲ್ಲವನು ಮೇಜಿಗೊಬ್ಬನೇ ಇರುತ್ತಾನೆ. ಅವನೇ ಸೈಡ್ಸಣ್ಣ.

ಸೈಡ್ಸಣ್ಣ ಕುಡಿಯುವುದಿಲ್ಲ. ಇದನ್ನು ಅವನು ಕೂರುವ ಮೊದಲೇ ಘೋಷಿಸುತ್ತಾನೆ. “ನಾನು ತಗೊಳ್ಳೋದಿಲ್ಲಪ್ಪ, ನೀವು ತಗೊಳ್ಳಿ. ಸುಮ್ನೆ ಕಂಪನಿಗೆ ಬಂದೆ.” ಹೀಗನ್ನುತ್ತಲೇ ಅಡುಗೆಮನೆ ಕಡೆಯ ಕುರ್ಚಿ ಎಳೆದುಕೊಂಡಿರುತ್ತಾನೆ. ಪ್ಲೇಟು ಮೊದಲು ಮುಟ್ಟುವುದು ಆ ಕುರ್ಚಿಗೆ.

ಕುಡಿಯುವವರ ಆರ್ಡರು ಮೂರು ಮಾತಿನದು: ನೈಂಟಿ, ಕ್ವಾರ್ಟರ್, ಬಿಯರ್. ಸೈಡ್ಸಣ್ಣನದು ಸಂದರ್ಶನ. “ಕಬಾಬು ಬೋನ್‌ಲೆಸ್ ಬೇಡ, ಮೂಳೆದೇ ತಾ. ಪೆಪ್ಪರ್ ಡ್ರೈ ಅಂದ್ಮೇಲೆ ಡ್ರೈ ಇರ್ಬೇಕು, ಹೋದ್ಸಲ ಮುದ್ದೆ ಅದ್ದಿ ತಿನ್ನೋ ಹಂಗಿತ್ತು. ಎಗ್ ಬುರ್ಜಿಗೆ ಈರುಳ್ಳಿ ಕಡಿಮೆ. ಒಳಗೆ ಭಟ್ಟ ಹಳಬನೇ ತಾನೆ?” ಸಪ್ಲೈಯರ್ ಹುಡುಗ ಒಡಿಶಾದಿಂದ ಬಂದವನು. ಅವನು ಕನ್ನಡ ಕಲಿತದ್ದೇ ಈ ಮೇಜಿನಲ್ಲಿ.

ಸೋಡಾ ಬೆರೆಸಿ, ಲೋಟ ತಾಗಿಸಿ, ಒಂದು ಗುಟುಕು ಇಳಿಸಿ, ಇನ್ನು ನೆಂಚಿಕೊಳ್ಳೋಣ ಎಂದು ಉಳಿದವರು ಕೈ ಚಾಚಿದರೆ ತಟ್ಟೆಯಲ್ಲಿ ಸಿಗುವುದು ನಿಂಬೆಹೋಳು. ಬಿಟ್ಟಿ ಕೊಟ್ಟ ಕಡಲೆಬೀಜವೂ ಇಲ್ಲ. ಕುಡಿಯುವವರಿಗೆ ಅದು ಸೈಡ್ಸ್, ಇವನಿಗೆ ಊಟ. ಸೋಮವಾರ, ಶನಿವಾರ ಮಾತ್ರ ಗೋಬಿ, ಮಸಾಲೆ ಹಪ್ಪಳ. ಶ್ರಾವಣ ಬಂದರೆ ಪೂರ್ತಿ ಬಿಡುತ್ತಾನೆ, ಮಾಂಸವನ್ನು. ಬಾರನ್ನಲ್ಲ.

2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೂ ಜೂನ್‌ನಲ್ಲಿ ಕಬಾಬಿಗೂ ಕೃತಕ ಬಣ್ಣ ಹಾಕಕೂಡದೆಂದು ರಾಜ್ಯ ಸರ್ಕಾರ ಆದೇಶ ಮಾಡಿತಲ್ಲ, ಆಗ ಸೈಡ್ಸಣ್ಣನ ಗತ್ತೇ ಬೇರೆಯಾಯಿತು. ಕಬಾಬು ಕಳೆಗುಂದಿದೆ ಎಂದು ಯಾರೋ ಗೊಣಗಿದ್ದೇ ತಡ, “ಬಣ್ಣ ಒಳ್ಳೇದಲ್ಲ ಕಣಯ್ಯ, ಲಿವರ್ ಹೋಗುತ್ತೆ” ಎಂದ. ಕೇಳಿಸಿಕೊಂಡವನ ಮುಂದೆ ಎರಡನೇ ಕ್ವಾರ್ಟರ್ ಇತ್ತು.

2017ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಿಂದ ಹೆದ್ದಾರಿ ಬದಿಯ ಬಾರುಗಳಿಗೆ ಬೀಗ ಬಿದ್ದಾಗ ಜನ ಕುಡಿಯುವವರಿಗಾಗಿ ಮರುಗಿದರು. ಅವರಿಗೇನು, ಯಾವುದಾದರೂ ಸಂದಿಯ ಅಂಗಡಿಯಲ್ಲಿ ಕೊಂಡು ತೋಟಕ್ಕೆ ಹೋದರು. ತೋಟದಲ್ಲಿ ಪೆಪ್ಪರ್ ಡ್ರೈ ಯಾರು ಮಾಡಿಕೊಡುತ್ತಾರೆ? ಸೈಡ್ಸಣ್ಣ ಆಗ ಎಷ್ಟು ಬಡವಾದನೆಂದು ವಿಚಾರಿಸಿದವರಿಲ್ಲ. ಜುಲೈನಲ್ಲಿ ಪುರಸಭೆ, ನಗರಸಭೆ ವ್ಯಾಪ್ತಿಯ ಬಾರುಗಳಿಗೆ ಆ ಅಡ್ಡಿ ಇಲ್ಲವೆಂದು ಕೋರ್ಟೇ ಹೇಳಿದ ಮೇಲೆ ಮೈ ಹತ್ತಿತು.

ಎರಡನೇ ಸುತ್ತಿನ ಹೊತ್ತಿಗೆ ಮಾತು ರಾಜ್ಯದ ಬೊಕ್ಕಸಕ್ಕೆ ಬರುತ್ತದೆ. “2023ರ ಜುಲೈ ಬಜೆಟ್‌ನಲ್ಲಿ ನಮ್ಮ ಎಣ್ಣೆ ಮೇಲೆ ಶೇ 20 ಸುಂಕ ಏರಿಸಿದ್ರು. ಹೆಂಗಸ್ರು ಬಸ್ಸಲ್ಲಿ ಪುಕ್ಕಟೆ ಓಡಾಡ್ತಾರಲ್ಲ, ಆ ಟಿಕೆಟ್ ದುಡ್ಡು ನಮ್ದೇ. ಸರ್ಕಾರ ನಡೆಸೋರೇ ನಾವು!” ಎಂದು ಒಬ್ಬ ಎದೆ ತಟ್ಟಿಕೊಳ್ಳುತ್ತಾನೆ. ಸೈಡ್ಸಣ್ಣ ಮೂಳೆ ಕೆಳಗಿಟ್ಟು ಬಿಲ್ಲು ತರಿಸುತ್ತಾನೆ. ಮೊಬೈಲ್ ಬೆಳಕು ಬಿಟ್ಟು ತೋರಿಸುತ್ತಾನೆ. “ನೋಡು. ನಿನ್ನ ಎಣ್ಣೆಗೆ ಜಿಎಸ್‌ಟಿ ಇಲ್ಲ. ನಾನು ತಿಂದದ್ದಕ್ಕೆ ಶೇ 5 ಹಾಕಿದಾರೆ. ನೀನು ರಾಜ್ಯ ಒಂದನ್ನೇ ಸಾಕ್ತೀಯ, ನಾನು ದೆಹಲಿನೂ ಸೇರಿಸಿ ಸಾಕ್ತೀನಿ.”

ಸಾಕುವುದು ತಟ್ಟೆಯ ಮಟ್ಟಿಗೆ. ಹಣ ಹಂಚುವಾಗ ಅವನ ಲೆಕ್ಕ ಬೇರೆ: ಕುಡಿದದ್ದು ಕುಡಿದವರದು, ಸೈಡ್ಸ್ ತರಿಸುವುದು ಕುಡಿಯುವವರಿಗಾಗಿ, ಹಾಗಾಗಿ ಅದೂ ಅವರದೇ. ತಾನು ಕುಡಿದ ನೀರಿನ ಬಾಟಲಿಗೆಂದು ಇಪ್ಪತ್ತು ರೂಪಾಯಿ ಮೇಜಿನ ಮೇಲಿಟ್ಟು, ಸೋಂಪಿನ ಬಟ್ಟಲು ಹತ್ತಿರಕ್ಕೆ ಎಳೆದುಕೊಳ್ಳುತ್ತಾನೆ. “ಒಂದು ಸೋಡಾ ಜಾಸ್ತಿ ಬರೆದಿದಾನೆ, ತೆಗೆಸಿ” ಎಂಬ ಉಪಕಾರವನ್ನೂ ಮಾಡುತ್ತಾನೆ. ಮಕ್ಕಳಿಗೆಂದು ಕಟ್ಟಿಸಿದ ಕಬಾಬಿನ ಪಾರ್ಸೆಲ್ ಬಿಲ್ಲಿನಲ್ಲಿ ಎಲ್ಲಿ ಅಡಗಿದೆಯೋ ಹುಡುಕುವಷ್ಟು ನೆಟ್ಟಗೆ ಆ ಹೊತ್ತಿಗೆ ಯಾರ ಕಣ್ಣೂ ಇರುವುದಿಲ್ಲ.

ಇಷ್ಟಾದರೂ ಅವನನ್ನು ಬಿಟ್ಟು ಹೋಗುವ ಧೈರ್ಯ ಯಾರಿಗೂ ಇಲ್ಲ. ಬೈಕುಗಳನ್ನು ಬಾರಿನ ಅಂಗಳದಲ್ಲೇ ಬಿಡಿಸಿ, ಒಬ್ಬೊಬ್ಬರನ್ನೂ ಅವರವರ ಬಾಗಿಲಿಗೆ ಮುಟ್ಟಿಸುವವನು ಅವನೇ. ಅದಕ್ಕಿಂತ ದೊಡ್ಡದು ಫೋನು. ಒಂಬತ್ತೂವರೆಯಾಯಿತೆಂದರೆ ಮನೆಗಳಿಂದ ಕರೆ ಶುರು. ಗಂಡಂದಿರನ್ನೇ ಕೇಳುವಷ್ಟು ಹೆಡ್ಡಿಯರೇ ನಮ್ಮ ಹೆಣ್ಣುಮಕ್ಕಳು? ಸೈಡ್ಸಣ್ಣನ ನಂಬರು ಅವರವರಲ್ಲೇ ಕೈಯಿಂದ ಕೈಗೆ ದಾಟಿರುತ್ತದೆ. “ಅಣ್ಣಾ, ನೀವು ಕುಡಿಯೋರಲ್ಲ, ಸುಳ್ಳು ಹೇಳೋರಲ್ಲ. ನಮ್ಮನೆಯವ್ರು ಎಷ್ಟು ತಗೊಂಡಿದಾರೆ?” ಮೇಜಿನಲ್ಲಿ ಯಾರೂ ಉಸಿರು ಬಿಡುವುದಿಲ್ಲ. ಸೈಡ್ಸಣ್ಣ ಬಾಯಲ್ಲಿದ್ದದ್ದನ್ನು ಸಾವಕಾಶ ಅಗಿದು ನುಂಗುತ್ತಾನೆ. “ಎರಡೇ ಕಣಮ್ಮ. ಅದೂ ನೀರು ಜಾಸ್ತಿ.” ಈ ಸಾಕ್ಷಿಯ ದರ ಬಹಳ ಕಾಲದಿಂದ ಒಂದು ಪ್ಲೇಟ್ ಪೆಪ್ಪರ್ ಡ್ರೈಗೆ ನಿಂತಿದೆ.

ಹೊಸದಾಗಿ ವರ್ಗವಾಗಿ ಬಂದ ಇಂಜಿನಿಯರ್ ಒಬ್ಬರಿಗೆ ಈ ರಿವಾಜು ಗೊತ್ತಿರಲಿಲ್ಲ. ಸೈಡ್ಸಣ್ಣ ಇನ್ನೊಂದು ಪ್ಲೇಟಿಗೆ ಕೈ ಎತ್ತಿದಾಗ, “ಸಾಕು ಬಿಡಿ ಸಾರ್, ರಾತ್ರಿ ಹೊತ್ತು ಅಷ್ಟೊಂದು ಒಳ್ಳೇದಲ್ಲ” ಎಂದುಬಿಟ್ಟರು. ಉಳಿದವರು ಕಣ್ಣುಸನ್ನೆ ಮಾಡುವಷ್ಟರಲ್ಲಿ ಅವರ ಮನೆಯಿಂದಲೇ ಕರೆ ಬಂತು. ಸೈಡ್ಸಣ್ಣ ಎದ್ದು ಹೋಗಿ ಕೈ ತೊಳೆದು ಬಂದ. ಫೋನನ್ನು ಸ್ಪೀಕರಿಗೆ ಹಾಕಿದ.

“ಇದು ಐದನೇದು ಕಣಮ್ಮ. ಸೋಡಾನೂ ಬೇಡ ಅಂತಿದಾರೆ.”